ಮೂಲಾ ಕಾಣುವ ತಿಂಗಳು

ನನ್ನನ್ನು ನೋಡಲು ಬಂದವರೆಲ್ಲ ಮೊದಲು ಉಪ್ಪಿಟ್ಟು ತಿಂದರು, ಆಮೇಲೆ ನಕ್ಷತ್ರ ಕೇಳಿದರು. ಈ ಕ್ರಮ ಒಮ್ಮೆಯೂ ತಪ್ಪಲಿಲ್ಲ. ಮೊದಲೇ ಕೇಳಿದ್ದರೆ ಅಮ್ಮ ಬೆಳಗಿನಿಂದ ಒಲೆಯ ಮುಂದೆ ಬೇಯುವುದು ತಪ್ಪುತ್ತಿತ್ತು, ನಾನು ಆ ಹಸಿರು ಜರಿಯ ಸೀರೆ ಸುತ್ತಿಕೊಂಡು ಬೊಂಬೆಯಂತೆ ಕೂರುವುದೂ ತಪ್ಪುತ್ತಿತ್ತು. ಆದರೆ ಮೊದಲೇ ಹೇಳಬಾರದೆಂಬುದು ನಮ್ಮ ಚಿಕ್ಕಪ್ಪನ ಉಪಾಯ. ಅಪ್ಪನ ತಮ್ಮನಾದ ಈ ಚಿಕ್ಕಪ್ಪ ಬೇಲೂರಿನಲ್ಲಿ ದೇವಸ್ಥಾನದ ರಸ್ತೆಯಲ್ಲಿ ಹಣ್ಣುಕಾಯಿ, ಊದುಬತ್ತಿಯ ಅಂಗಡಿ ಇಟ್ಟಿದ್ದರು. ಅಂಗಡಿಗೆ ಬರುವ ಯಾತ್ರಿಕರಲ್ಲಿ ಗಂಡುಮಕ್ಕಳನ್ನು ಹೆತ್ತವರು ಯಾರೆಂದು ಮಾತಿನಲ್ಲೇ ಪತ್ತೆ ಹಚ್ಚಿ ಅರಸೀಕೆರೆಯ ನಮ್ಮ ಮನೆಗೆ ಕಳಿಸುವುದು ಅವರ ಉಪಕಾರ. ಹುಡುಗಿಯನ್ನು ಕಣ್ಣಾರೆ ನೋಡಿದ ಮೇಲೆ ನಕ್ಷತ್ರ ಯಾರಿಗೆ ಬೇಕು ಎಂದು ಅವರು ನಂಬಿದ್ದರು. ಬಂದವರಿಗೆಲ್ಲ ಬೇಕಾಗಿತ್ತು. ಬಾಯಿ ಒರೆಸಿಕೊಂಡು, ತಾಂಬೂಲ ಮಡಿಸುತ್ತ, ಅದೇನೋ ಈಗ ನೆನಪಾದಂತೆ ಕೇಳುವರು. ಅಪ್ಪ ಮೂಲಾ ಎನ್ನುವರು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ಅಲ್ಲಿಗೇ ನಿಲ್ಲುತ್ತಿತ್ತು. ಉಂಡ ಮನೆಯ ಗಳ ಎಣಿಸುವವರು ಎನ್ನುತ್ತಾರಲ್ಲ, ಅವರನ್ನು ನಾನು ಸಾಲುಸಾಲಾಗಿ ನೋಡಿದ್ದೇನೆ.

ತಿಳಿಯದವರಿಗೆ ಹೇಳಬೇಕು. ಹೆಣ್ಣು ಮೂಲಾ ನಕ್ಷತ್ರದಲ್ಲಿ ಹುಟ್ಟಿದರೆ ಮಾವನಿಗೆ ಆಗಿಬರುವುದಿಲ್ಲ, ಅಂಥ ಸೊಸೆ ಹೊಸಿಲು ದಾಟಿದ ಮನೆಯಲ್ಲಿ ಗಂಡನ ತಂದೆ ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಆಶ್ಲೇಷೆಯವಳು ಅತ್ತೆಗೆ ಆಗದು, ಜ್ಯೇಷ್ಠೆಯವಳು ಭಾವನಿಗೆ, ವಿಶಾಖೆಯವಳು ಮೈದುನನಿಗೆ. ಗಂಡನ ತಂಟೆಗೆ ಮಾತ್ರ ಯಾವ ನಕ್ಷತ್ರವೂ ನೇರವಾಗಿ ಹೋಗುವುದಿಲ್ಲ. ಈ ಹಂಚಿಕೆ ಮಾಡಿದವನು ಯಾರದೋ ಗಂಡನೇ ಆಗಿದ್ದಿರಬೇಕು. ಅದೇ ಮೂಲಾದಲ್ಲಿ ಗಂಡು ಹುಟ್ಟಿದರೆ ರಾಜ್ಯ ಆಳುತ್ತಾನಂತೆ. ಅರಸೀಕೆರೆಯಲ್ಲಿ ಮೂಲಾದಲ್ಲಿ ಹುಟ್ಟಿದ ಒಬ್ಬ ಗಂಡಸನ್ನು ನಾನು ಬಲ್ಲೆ. ಅವನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಬಿಟ್ಟಿ ಕಾಫಿಗೆ ದಾರಿ ನೋಡುತ್ತಿದ್ದ.

ನಾನು ಮೂಲಾ ಆದದ್ದಕ್ಕೆ ರೈಲ್ವೆ ಇಲಾಖೆಯ ಗಡಿಯಾರವೂ ಒಂದು ಕಾರಣ. ಅಪ್ಪ ಸ್ಟೇಷನ್ನಿನಲ್ಲಿ ಪಾರ್ಸೆಲ್ ಕ್ಲಾರ್ಕ್. ನಾವಿದ್ದದ್ದು ಹಳಿಗಳಿಗೆ ಬೆನ್ನು ಕೊಟ್ಟ ಕ್ವಾರ್ಟರ್ಸಿನಲ್ಲಿ. ಹಳ್ಳಿಗಳಲ್ಲಿ ಮಗು ಹುಟ್ಟಿದ ಹೊತ್ತೆಂದರೆ ಹಸು ಕರೆಯುವ ಹೊತ್ತು, ದೀಪ ಹಚ್ಚುವ ಹೊತ್ತು. ಜೋಯಿಸರು ಅದನ್ನು ಹಿಂದೆ ಮುಂದೆ ಎಳೆದು ಒಳ್ಳೆಯ ನಕ್ಷತ್ರಕ್ಕೆ ಕೂರಿಸಬಹುದು. ನಾನು ಹುಟ್ಟಿದಾಗ ಮಾತ್ರ ಮೈಸೂರಿನ ಪ್ಯಾಸೆಂಜರ್ ಆಗಷ್ಟೇ ಸೀಟಿ ಹಾಕಿ ಹೊರಟಿತ್ತು. ಅಪ್ಪ ಅದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಇನ್ನೊಂದು ಗಳಿಗೆ ತಡೆದು ಹುಟ್ಟಿದ್ದರೆ ನಾನು ಪೂರ್ವಾಷಾಢ, ಯಾರ ಮಾವನಿಗೂ ಅಪಾಯವಿಲ್ಲ. ವರ್ಷವಿಡೀ ತಡವಾಗಿ ಓಡುವ ಆ ಗಾಡಿ ಅವತ್ತೊಂದು ದಿನ ಹೊತ್ತಿಗೆ ಸರಿಯಾಗಿ ಹೊರಟು ನನ್ನ ಕತ್ತು ಕೊಯ್ದಿತು. ಗಾಡಿ ತಡವಾಗಿತ್ತು ಅಂತ ಹೇಳಿಬಿಡಿ ಎಂದು ಚಿಕ್ಕಪ್ಪ ಎಷ್ಟೋ ಸಲ ಅಪ್ಪನಿಗೆ ದುಂಬಾಲು ಬಿದ್ದರು. ಅಪ್ಪ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಇನ್ನೊಬ್ಬಳ ನಕ್ಷತ್ರ ಉಟ್ಟುಕೊಂಡು ಬಾಳುವೆ ಮಾಡುವುದು, ನೆರೆಮನೆಯಲ್ಲಿ ಯಾರಾದರೂ ಗಾಡಿಯ ಮಾತೆತ್ತಿದಾಗಲೆಲ್ಲ ನಡುಗುವುದು, ಇದು ನನಗೆ ಬೇಡವಾಗಿತ್ತು.

ಮೊದಲ ಸಂಬಂಧ ತಪ್ಪಿದಾಗ ನನಗಿನ್ನೂ ಕಾಲೇಜು ಮುಗಿದಿರಲಿಲ್ಲ. ಅಳುವ ಬದಲು ನನಗೆ ಒಂದು ಹಟ ಬಂತು. ಇಷ್ಟೊಂದು ಗಂಡಸರ ಎದೆ ನಡುಗಿಸುವ ಈ ಮೂಲಾ ಹೇಗಿದೆ, ಒಂದು ಸಲ ಕಣ್ಣಿಂದ ನೋಡಬೇಕು. ದೇವಸ್ಥಾನದ ಅರ್ಚಕರನ್ನು ಕೇಳಿದೆ. ಅವರು ಪಂಚಾಂಗದ ಪುಟ ತೋರಿಸಿದರು. ಆಕಾಶದಲ್ಲಿ ಎಲ್ಲಿ ಎಂದೆ. ಆಕಾಶದಲ್ಲಿ ನೋಡುವಂಥದ್ದೇನಿದೆ ಎಂಬಂತೆ ನನ್ನನ್ನೇ ನೋಡಿ, ಧನುರ್ಮಾಸ ಹುಟ್ಟಿದಾಗ ಸೂರ್ಯ ಮೂಲಾಕ್ಕೆ ಬರುತ್ತಾನೆ, ಅದೇ ಅದರ ಕಾಲ ಎಂದರು. ನಾನು ನಂಬಿದೆ.

ನಂಬದೆ ಏನು ಮಾಡಲಿ? ನಮ್ಮ ಕಡೆ ನಕ್ಷತ್ರವೆಂದರೆ ಮಳೆ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಎಂದು ಕಣಕಟ್ಟೆಯ ರಾಗಿ ಹೊಲದವರಿಂದ ಹಗರೆಯ ಹಾಲಿನವರವರೆಗೆ ಎಲ್ಲರ ಬಾಯಲ್ಲೂ ನಕ್ಷತ್ರಗಳೇ. ಆರಿದ್ರಾ ಮಳೆ ಬಂತೆಂದರೆ ಆರಿದ್ರಾ ಬಂತು ಎಂದೇ ಅರ್ಥ. ಹೋಗಲಿ, ಆ ಮಳೆಯ ಕಾಲದಲ್ಲಿ ಯಾರಾದರೂ ತಲೆ ಎತ್ತಿ ಆರಿದ್ರೆಯನ್ನು ಹುಡುಕಿದ್ದಾರೆಯೇ? ಹುಡುಕಿದ್ದರೆ ಇಡೀ ನಾಡಿಗೇ ಗೊತ್ತಾಗುತ್ತಿತ್ತು, ಅದು ಅಲ್ಲಿಲ್ಲವೆಂದು. ಸೂರ್ಯ ಯಾವ ನಕ್ಷತ್ರದ ಜೊತೆ ಕೂತಿದ್ದಾನೋ ಅದರ ಹೆಸರು ಆಗಿನ ಮಳೆಗೆ. ಸೂರ್ಯನ ಜೊತೆಗಿರುವ ನಕ್ಷತ್ರ ಹಗಲೆಲ್ಲ ಅವನ ಬೆಳಕಿನಲ್ಲಿ ಮುಳುಗಿ, ಅವನ ಜೊತೆಗೇ ಕಂತಿಹೋಗುತ್ತದೆ. ನಮ್ಮ ಜನ ವರ್ಷದಲ್ಲಿ ಯಾವ ಹದಿನೈದು ದಿನ ಒಂದು ನಕ್ಷತ್ರ ಖಂಡಿತವಾಗಿ ಕಾಣುವುದಿಲ್ಲವೋ ಆ ಹದಿನೈದು ದಿನ ಮಾತ್ರ ಅದರ ಹೆಸರು ಹೇಳುತ್ತಾರೆ. ನಾನೂ ಅದೇ ಮಣ್ಣಿನವಳು. ಧನುರ್ಮಾಸದ ಚಳಿಯಲ್ಲಿ, ಹುಗ್ಗಿಯ ಪ್ರಸಾದಕ್ಕೆ ಹೋಗುವ ನೆಪದಲ್ಲಿ, ಬೆಳಗಿನ ಜಾವ ಎದ್ದು ಶಾಲು ಹೊದ್ದು ದಕ್ಷಿಣಕ್ಕೆ ಮುಖ ಮಾಡಿ ನಿಂತೆ. ತಿಂಗಳು ಪೂರ್ತಿ ನಿಂತು ನೆಗಡಿ ಹಿಡಿಸಿಕೊಂಡೆ. ಮೂಲಾ ಸೂರ್ಯನ ಬೆನ್ನ ಹಿಂದೆ ಬೆಚ್ಚಗೆ ಕೂತಿತ್ತು.

ಹಾಸನದ ಕಾಲೇಜಿನ ಲೈಬ್ರರಿಯಲ್ಲಿ ಒಂದು ಹರಿದ ನಕ್ಷೆಯ ಪುಸ್ತಕ ಸಿಕ್ಕಿದ ಮೇಲೆ ನನ್ನ ಪೆದ್ದುತನ ನನಗೆ ತಿಳಿಯಿತು. ಅದಕ್ಕಿಂತ ಉರಿದದ್ದು, ಬೇಕಾದ ಉತ್ತರ ನಮ್ಮ ತಿಂಗಳುಗಳ ಹೆಸರಿನಲ್ಲೇ ಇತ್ತು ಎಂದು ಗೊತ್ತಾದಾಗ. ಕಾರ್ತಿಕದಲ್ಲಿ ದೀಪ ಹಚ್ಚುವ ಹೊತ್ತಿಗೆ ಪೂರ್ವದಲ್ಲಿ ಹುಟ್ಟುವುದು ಕೃತ್ತಿಕೆ. ಮಾರ್ಗಶಿರದಲ್ಲಿ ಮೃಗಶಿರ. ಮಾಘದಲ್ಲಿ ಮಖಾ, ಚೈತ್ರದಲ್ಲಿ ಚಿತ್ತಾ. ವೈಶಾಖಕ್ಕೆ ವಿಶಾಖೆ, ಜ್ಯೇಷ್ಠಕ್ಕೆ ವೃಶ್ಚಿಕ ರಾಶಿಯ ಚೇಳಿನ ಎದೆಯ ಆ ಕೆಂಪು ಜ್ಯೇಷ್ಠಾ. ಹೆಸರಿನ ತಿಂಗಳಲ್ಲಿ ಅದು ಸಂಜೆಗೆ ಹುಟ್ಟಿ ರಾತ್ರಿಯೆಲ್ಲ ಇರುತ್ತದೆ. ನಿದ್ದೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರು ಇನ್ನೆರಡು ತಿಂಗಳು ಕಾದರೆ ಊಟಕ್ಕೆ ಮುಂಚೆಯೇ ಅದು ಎತ್ತರದಲ್ಲಿ ಸಿಗುತ್ತದೆ. ಹೀಗೆ ಹನ್ನೆರಡು ನಕ್ಷತ್ರಗಳಿಗೆ ಹನ್ನೆರಡು ತಿಂಗಳು ದಾನ ಮಾಡಿದ ಹಿರಿಯರು ಮೂಲಾಕ್ಕೆ ಒಂದನ್ನೂ ಕೊಡಲಿಲ್ಲ. ಅದು ಜ್ಯೇಷ್ಠೆಯ ಪಕ್ಕದ ಮನೆ, ಚೇಳಿನ ಬಾಲದ ತುದಿ. ಆಷಾಢದಿಂದ ಭಾದ್ರಪದದವರೆಗೆ ಅದನ್ನು ಸಂಜೆಗೆ ನೋಡಬೇಕು.

ಆಷಾಢದಲ್ಲಿ ಮದುವೆಯ ಮಾತೆತ್ತುವಂತಿಲ್ಲ. ಶ್ರಾವಣದಲ್ಲಿ ಹಬ್ಬಗಳು, ಭಾದ್ರಪದದ ಕೊನೆಗೆ ಪಿತೃಪಕ್ಷ. ಹೆಣ್ಣು ನೋಡಲು ಬರುವವರು ಮಾಘದಿಂದ ವೈಶಾಖದವರೆಗೆ ಬರುತ್ತಾರೆ, ಮೂಲಾ ಸಂಜೆಯ ಆಕಾಶದಲ್ಲಿ ಸುಳಿಯದ ತಿಂಗಳುಗಳಲ್ಲಿ. ನಮ್ಮ ಅಂಗಳದ ನೆತ್ತಿಯ ಮೇಲೆ ಮೃಗಶಿರ ಹೊಳೆಯುತ್ತಿರುವಾಗ ಕಾಫಿ ಕುಡಿದು, ಮೂಲಾ ಎಂದು ಮೂಗು ಮುರಿದು ಎದ್ದುಹೋದವರಲ್ಲಿ ಒಬ್ಬನೂ ಆ ನಕ್ಷತ್ರವನ್ನು ಕಂಡಿರಲಿಲ್ಲ. ಬೇಲೂರಿನಲ್ಲೂ ಹಳೇಬೀಡಿನಲ್ಲೂ ನಕ್ಷತ್ರದ ಆಕಾರದ ಜಗತಿಯ ಮೇಲೆ ಗುಡಿ ಕಟ್ಟಿದ್ದಾರೆ. ಅದರ ಮೇಲೆ ಕೂತು ಕಡಲೆಕಾಯಿ ಸಿಪ್ಪೆ ಉದುರಿಸುವವರಿಗೆ ಕತ್ತು ಮೇಲೆತ್ತುವುದು ಅಷ್ಟು ಕಷ್ಟ.

ನಾನು ಅದನ್ನು ಮೊದಲು ಕಂಡದ್ದು ಒಂದು ಶ್ರಾವಣದಲ್ಲಿ, ನಮ್ಮ ಹಿತ್ತಲಿನಿಂದ. ಬೇಲೂರಿನ ಕಡೆ ಆ ತಿಂಗಳಲ್ಲಿ ಮಳೆಮೋಡ ಬಿಟ್ಟು ಆಕಾಶವೆಂಬುದೇ ಇರುವುದಿಲ್ಲ, ಮಲೆನಾಡಿಗೆ ಹತ್ತಿದ ಅರೇಹಳ್ಳಿಯ ಕಡೆಗಂತೂ ಕೇಳಲೇಬೇಡಿ. ಅರಸೀಕೆರೆಯೋ ಮೋಡ ಬಂದು ಮುಖ ತೋರಿಸಿ ಮಳೆ ಕೊಡದೆ ಹೋಗುವ ಊರು. ರೈತರು ಶಪಿಸುವ ಆ ಬರಿಗೈ ಮೋಡ ನನಗೆ ಅನುಕೂಲವಾಯಿತು. ಮೋಡ ಹರಿದ ಜಾಗದಲ್ಲಿ, ಗೂಡ್ಸ್ ಶೆಡ್ಡಿನ ತಗಡಿನ ಮೇಲೆ, ಚೇಳಿನ ಕೊಂಡಿ ಮತ್ತು ಅದರ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಎರಡು ಚುಕ್ಕಿ. ಇದಾ, ಎಂದುಕೊಂಡೆ. ಇಷ್ಟಕ್ಕಾ. ನನಗೆ ನಗು ಬರಬೇಕಿತ್ತು, ಬಂದದ್ದು ಅಸಹ್ಯ. ಚುಕ್ಕಿಗಳ ಮೇಲಲ್ಲ, ಪಾಪ. ಅವು ಚೆನ್ನಾಗಿಯೇ ಇದ್ದವು.

ಡಿಗ್ರಿ ಮುಗಿಸಿ ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಸಂಬಂಧಗಳು ಬರುತ್ತಲೇ ಇದ್ದವು, ಹೋಗುತ್ತಲೇ ಇದ್ದವು. ಕೊನೆಗೆ ಚಿಕ್ಕಪ್ಪ ಹೊಸ ದಾರಿ ಹಿಡಿದರು. ತಂದೆ ಇಲ್ಲದ ಹುಡುಗರನ್ನೇ ಹುಡುಕತೊಡಗಿದರು. ನಮ್ಮಲ್ಲಿ ಇದು ಎಲ್ಲರೂ ಮಾಡುವ ಕೆಲಸ. ಮೂಲಾದ ಹುಡುಗಿಗೆ ಮಾವ ಸತ್ತ ಮನೆಯೇ ಸುರಕ್ಷಿತ. ಬೇಲೂರಿನಿಂದ ಬಂದಾಗಲೆಲ್ಲ ಯಾವ ಮನೆಯಲ್ಲಿ ಯಜಮಾನ ಇಲ್ಲ, ಯಾವ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ, ಇನ್ನೆಷ್ಟು ದಿನ ತಳ್ಳಬಹುದು ಎಂದು ವರದಿ ಒಪ್ಪಿಸುತ್ತಿದ್ದರು. ಹಣ್ಣು ಕೊಳೆತಿದೆಯೇ ಎಂದು ಒತ್ತಿ ನೋಡುವ ವ್ಯಾಪಾರಿಯ ಬುದ್ಧಿ. ಅಮ್ಮ ಕೈಮುಗಿದು ಸಾಕು ಎನ್ನುತ್ತಿದ್ದಳು. ನಾನು ಎದ್ದು ಹೋಗುತ್ತಿದ್ದೆ.

ಅಂಥ ದಿನಗಳಲ್ಲಿ ಹಳೇಬೀಡಿನ ಹತ್ತಿರದ ಹಳ್ಳಿಯ ಸಂಬಂಧವೊಂದು ಬಂತು. ತೆಂಗು, ರಾಗಿ, ಕೆರೆಯ ಕೆಳಗೆ ಒಂದಿಷ್ಟು ಭತ್ತ. ಹುಡುಗ ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದ. ತಂದೆ ಬದುಕಿದ್ದರು, ಗಟ್ಟಿಮುಟ್ಟಾಗಿಯೇ ಇದ್ದರು. ನಕ್ಷತ್ರದ ವಿಷಯ ಆ ಮನೆಗೆ ಹೇಗೋ ಮೊದಲೇ ಮುಟ್ಟಿ, ನೋಡುವ ಶಾಸ್ತ್ರಕ್ಕೂ ಬರುವುದು ಬೇಡವೆಂದು ಮನೆಯವರು ತೀರ್ಮಾನಿಸಿದ್ದರಂತೆ. ಇದು ನಮಗೆ ಗೊತ್ತಾದದ್ದು ಆ ಯಜಮಾನರ ಬಾಯಿಂದಲೇ.

ಗಣೇಶನ ಹಬ್ಬ ಕಳೆದ ಹೊಸತು. ಅವರು ಅರಸೀಕೆರೆಯ ಮಂಡಿಗೆ ಕೊಬ್ಬರಿ ಹಾಕಲು ಬಂದವರು ಸಂಜೆ ಹೇಳದೆ ಕೇಳದೆ ನಮ್ಮ ಬಾಗಿಲಿಗೆ ಬಂದರು. ಅಪ್ಪ ಡ್ಯೂಟಿಯಲ್ಲಿದ್ದರು. ಜಗಲಿಯ ಮೇಲೆ ಕೂತು, ಇಂಥ ಹಳ್ಳಿಯವನು, ಹುಡುಗನ ಅಪ್ಪ, ನಿಮ್ಮ ಯಜಮಾನರು ಬರೋವರೆಗೆ ಕೂತಿರುತ್ತೇನೆ, ಏನೂ ಮಾಡಬೇಡಿ ಎಂದು ಅಮ್ಮನಿಗೆ ಹೇಳಿದರು. ನಿಜವಾಗಿ ಏನೂ ಬೇಡವೆಂದವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನೀರು ಕೊಡಲು ಹೋದೆ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕ್ವಾರ್ಟರ್ಸಿನ ಸಾಲು ಪೂರ್ತಿ ಕತ್ತಲಾಗಿ ಆಕಾಶ ಹತ್ತಿರ ಬಂತು.

ನೀರು ಕುಡಿದು ಚೊಂಬು ಕೆಳಗಿಟ್ಟು ಅವರು ಕೇಳಿದರು: "ಏನವ್ವ, ಆ ಮೂಲಾ ಅನ್ನೋದು ಆಕಾಸ್ದಾಗೆ ಕಾಣ್ತೈತಾ, ಇಲ್ಲ ಬರೀ ಪಂಚಾಂಗ್ದಾಗೆ ಇರೋದಾ?"

ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದೆ. ದಕ್ಷಿಣಕ್ಕೆ, ಸ್ವಲ್ಪ ಬಲಕ್ಕೆ ವಾಲಿ, ಕೆಂಪು ಜ್ಯೇಷ್ಠಾ ಇತ್ತು. ಅಲ್ಲಿಂದ ಎಡಕ್ಕೆ ಇಳಿದು ಮತ್ತೆ ಮೇಲೆ ಕೊಂಕುವ ಸಾಲನ್ನು ಬೆರಳಿನಿಂದ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ಕುಡುಗೋಲು ಇದ್ದಂಗೈತೆ ಎಂದರು. ಕೊಂಡಿಯ ತುದಿಯ ಎರಡು ಚುಕ್ಕಿ ಕಂಡಾಗ ಮಗುವಿನ ಹಾಗೆ ಹ್ಞಾ ಎಂದರು. ಅಷ್ಟು ಮಳೆಗಳ ಹೆಸರನ್ನು ಬೀಜ ಬಿತ್ತಿದ ಹಾಗೆ ಸಾಲಾಗಿ ಹೇಳಬಲ್ಲ ಮನುಷ್ಯ, ಅವುಗಳಲ್ಲಿ ಒಂದನ್ನೂ ನೋಡಿದವರಲ್ಲ. ರೋಹಿಣಿ ಎಲ್ಲಿ ಎಂದು ಕೇಳಿದರು. ಕಾರ್ತಿಕ ಬರಲಿ, ಸಂಜೆ ಪೂರ್ವಕ್ಕೆ ನೋಡಿ, ಕೃತ್ತಿಕೆಯ ಗೊಂಚಲಿನ ಹಿಂದೆಯೇ ಬರುತ್ತಾಳೆ ಎಂದೆ. ಮೂಲಾ ಎಲ್ಲಿವರೆಗೆ ಇರುತ್ತೆ ಎಂದರು. ದೀಪಾವಳಿ ಕಳೆದರೆ ಪಶ್ಚಿಮದಲ್ಲಿ ಇಳಿದುಹೋಗುತ್ತೆ, ಧನುರ್ಮಾಸದಲ್ಲಿ ಸೂರ್ಯ ಅದರ ಮೇಲೇ ಕೂತಿರುತ್ತಾನೆ, ಸಂಕ್ರಾಂತಿಯ ಆಚೆಗೆ ಕೋಳಿ ಕೂಗುವ ಹೊತ್ತಿನಲ್ಲಿ ಪೂರ್ವದ ಬಲಕ್ಕೆ ಮತ್ತೆ ಕಾಣುತ್ತೆ ಎಂದೆ. ಸಂಕ್ರಾಂತಿಗೆ ಹೇಗೂ ರಾಗಿಯ ಕಣದಲ್ಲೇ ಮಲಗುವುದು, ಅಲ್ಲಿಂದಲೇ ನೋಡುತ್ತೇನೆ ಎಂದರು.

ಆಮೇಲೆ ಮನೆಯವರ ಭಯದ ಮಾತು ತೆಗೆದರು. ಹೆಂಡತಿ ಅತ್ತದ್ದು, ಅಣ್ಣ ಬೈದದ್ದು, ಮಗ ತುಟಿ ಬಿಚ್ಚದೆ ಕೂತದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. "ಸಾಯೋನು ನಾನಲ್ವೇನವ್ವ? ನಂಗಿಲ್ದಿರೋ ಭಯ ಇವ್ರಿಗ್ಯಾಕೆ ಬಂತು?" ಎಂದು ನಕ್ಕರು. ಆ ಎರಡು ಚುಕ್ಕಿಗಳನ್ನು ಇನ್ನೊಮ್ಮೆ ನೋಡಿ, ಪಾಪ ಅವು ಅಷ್ಟು ದೂರ ಕುಂತವೆ, ನನ್ನ ಗುರುತು ಎಲ್ಲಿ ಹಿಡೀತಾವೆ ಎಂದರು.

ಅಪ್ಪ ಬಂದು ಮಾತಾಡಿ ಅವರನ್ನು ಜಾವಗಲ್ ಮೇಲೆ ಹೋಗುವ ಬಸ್ಸಿಗೆ ಹತ್ತಿಸಿ ಬಂದರು. ಮನೆಯವರನ್ನು ಒಪ್ಪಿಸಿ ಹೇಳಿ ಕಳಿಸುತ್ತೇನೆ ಎಂದಿದ್ದರಂತೆ. ಹುಡುಗನನ್ನು ನಾನು ನೋಡಿರಲಿಲ್ಲ, ನೋಡಬೇಕೆಂದೂ ಅನ್ನಿಸಲಿಲ್ಲ. ಆದರೆ ಆ ಮನೆಗೆ ಹೋಗಬೇಕೆಂದು ನನಗೆ ನಿಜವಾಗಿ ಆಸೆಯಾಯಿತು. ಬಯಸಿ ಹೋಗಬಹುದಾದ ಒಂದೇ ಒಂದು ಮನೆ ಕಂಡಿತ್ತು, ಅದೂ ಮಾವನ ಸಲುವಾಗಿ. ಮೂಲಾದ ಹುಡುಗಿಗೆ ಇಂಥ ಆಸೆ ಹುಟ್ಟಿದ್ದನ್ನು ಯಾರಿಗೆ ಹೇಳಿದರೂ ನಗುತ್ತಿದ್ದರು. ಕಾರ್ತಿಕದಲ್ಲಿ ಕೃತ್ತಿಕೆ ಹುಟ್ಟುವಾಗ ಹಿತ್ತಲಿನಲ್ಲಿ ನಿಂತು, ಅವರೂ ಈಗ ತೋಟದಲ್ಲಿ ನಿಂತು ರೋಹಿಣಿಯನ್ನು ಹುಡುಕುತ್ತಿರಬಹುದು ಎಂದುಕೊಳ್ಳುತ್ತಿದ್ದೆ.

ಹೇಳಿ ಕಳಿಸಿದ್ದು ಬರಲಿಲ್ಲ. ಮಾಘದಲ್ಲಿ ಚಿಕ್ಕಪ್ಪ ಬಂದರು. ಹಳೇಬೀಡಿನ ಆ ಯಜಮಾನರು ಎದೆನೋವು ಬಂದು ಹೋಗಿಬಿಟ್ಟರು ಎಂದರು. ಚಿಕ್ಕಪ್ಪ ಅದೇ ಉಸಿರಿನಲ್ಲಿ ದನಿ ತಗ್ಗಿಸಿ, ನೋಡು ಅತ್ತಿಗೆ, ಬರೀ ಮನೆಗೆ ಬಂದು ನೀರು ಕುಡಿದು ಹೋದದ್ದಕ್ಕೇ ಹೀಗೆ ಎಂದು ಅಮ್ಮನಿಗೆ ಹೇಳಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಇಲ್ಲಿ ಕಾಗೆ ಕೂತೇ ಇರಲಿಲ್ಲ. ಆದರೂ ಅರಸೀಕೆರೆಯಿಂದ ಬೇಲೂರಿನವರೆಗೆ ಆ ಮಾತು ಬಸ್ಸಿಗಿಂತ ಬೇಗ ಓಡಾಡಿತು. ಶಾಲೆಯಲ್ಲಿ ಜೊತೆಯ ಮೇಡಂ ಒಬ್ಬರು ತಮ್ಮ ಮಾವನಿಗೆ ಜ್ವರವೆಂದು ಹೇಳುತ್ತಿದ್ದವರು ನನ್ನನ್ನು ಕಂಡು ಮಾತು ಬದಲಾಯಿಸಿದರು. ಆ ವರ್ಷದ ಆಷಾಢದಲ್ಲಿ ಅಮೆರಿಕದವರು ಹಾರಿಸಿ ಕೈಬಿಟ್ಟ ಸ್ಕೈಲ್ಯಾಬ್ ಎಂಬ ಆಕಾಶನೌಕೆ ತಲೆಯ ಮೇಲೆ ಬೀಳುತ್ತದೆಂದು ಊರೆಲ್ಲ ಹೆದರಿ, ಮೊದಲ ಸಲ ಜನ ಕತ್ತೆತ್ತಿ ಆಕಾಶ ನೋಡಿದರು. ಮೂಲಾ ಅವರ ಕಣ್ಣೆದುರಿಗೇ ಇತ್ತು. ಯಾರಿಗೂ ಗುರುತು ಸಿಗಲಿಲ್ಲ.

ಮುಂದಿನ ಮಾಘದಲ್ಲಿ ಆ ಮನೆಯವರು ಯಜಮಾನರ ವರ್ಷಾಂತಿಕ ಮುಗಿಸಿದರು. ಫಾಲ್ಗುಣ ಹುಟ್ಟುತ್ತಲೇ ಚಿಕ್ಕಪ್ಪ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು. ಮುಖದಲ್ಲಿ ಲಾಟರಿ ಹೊಡೆದ ಕಳೆ. ಹಳೇಬೀಡಿನವರು ತಾವಾಗಿಯೇ ಕೇಳಿ ಕಳಿಸಿದ್ದಾರೆ, ಆ ಒಂದು ಅಡ್ಡಿ ಇತ್ತಲ್ಲ, ಅದು ಈಗ ನಿವಾರಣೆಯಾಯಿತು ಎಂದರು. ಅಡ್ಡಿ ಎಂದರೆ ಏನೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ನನ್ನ ಜೊತೆ ಹಿತ್ತಲಿನಲ್ಲಿ ನಿಂತು ನಕ್ಕ ಮನುಷ್ಯ ಅವರ ಬಾಯಲ್ಲಿ ಅಡ್ಡಿಯಾಗಿದ್ದ. ಹೋದ ವರ್ಷ ನನ್ನ ನಕ್ಷತ್ರ ಅವರನ್ನು ತಿಂದಿತೆಂದು ಊರೂರಿಗೆ ಹಂಚಿದ ಅದೇ ಬಾಯಿ ಈಗ ಮೈಸೂರುಪಾಕು ಹಂಚುತ್ತಿತ್ತು. ಬಾಯಿಗೆ ಹಾಕಿಕೊಂಡ ಚೂರನ್ನು ಹಿತ್ತಲಿಗೆ ಹೋಗಿ ಉಗಿದು ಬಂದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದು ಸಲ ಬಂದು ಹೋಗಲಿ ಕಣೇ, ಇಷ್ಟು ವರ್ಷ ಆಯಿತು ಎಂದಳು. ಅವಳಿಗಾಗಿ ಹಸಿರು ಸೀರೆ ಉಟ್ಟೆ.

ಸಂಜೆಗೆ ಬಂದರು. ಹುಡುಗ, ಹುಡುಗನ ದೊಡ್ಡಪ್ಪ, ತಾಯಿ. ವಿಧವೆ ಶುಭಕಾರ್ಯದಲ್ಲಿ ಮುಂದೆ ಕೂರಬಾರದೆಂದು ತಾಯಿಯನ್ನು ಒಳಕೋಣೆಯ ಚಾಪೆಗೆ ಕಳಿಸಿದರು. ದೊಡ್ಡಪ್ಪ, ತಮ್ಮನಿಗೆ ಈ ಸಂಬಂಧ ಬೇಡವೆಂದು ಬೈದವರು, ಈಗ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುತ್ತ ಬಹಳ ಉದಾರವಾಗಿ ಮಾತಾಡಿದರು. ತಂದೆಯ ಅಣ್ಣ ಮಾವನ ಲೆಕ್ಕಕ್ಕೆ ಬರುವುದಿಲ್ಲವೆಂದು ಜೋಯಿಸರನ್ನು ಕೇಳಿಕೊಂಡೇ ಬಂದಿದ್ದರಂತೆ. ಅದನ್ನೂ ಹೇಳಿ ನಕ್ಕರು, ಚಿಕ್ಕಪ್ಪ ಜೊತೆಗೂಡಿದರು. ಹುಡುಗನಿಗೆ ಅಪ್ಪನದೇ ಕಣ್ಣು, ಅದನ್ನು ನೋಡಿ ನನಗೆ ಸಂಕಟವಾಯಿತು. ನಮ್ಮ ಅಪ್ಪ ಅವನನ್ನು, ನೀವೇನು ಹೇಳುತ್ತೀರಿ ಎಂದು ಕೇಳಿದರು. ಅವನು ತಲೆ ತಗ್ಗಿಸಿ ಹೇಳಿದ್ದು ಇಷ್ಟು: "ಅಪ್ಪ ಇದ್ದಾಗ ಮನೇಲಿ ಸ್ವಲ್ಪ ತೊಂದ್ರೆ ಇತ್ತು. ಈಗೇನೂ ತೊಂದ್ರೆ ಇಲ್ಲ."

ನಾನು ಕಾಫಿ ಲೋಟ ತೆಗೆದುಕೊಂಡು ಒಳಕೋಣೆಗೆ ಹೋದೆ. ಆ ತಾಯಿ ಗೋಡೆಗೆ ಒರಗಿ ಕೂತಿದ್ದರು. ಬರಿ ಹಣೆ, ಬರಿ ಕೈ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಂಡರು. ಹೊರಗಿನವರ ಹಾಗೆ ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಅಂದು ನಮ್ಮ ಮನೆಯಿಂದ ಹೋದ ಮೇಲೆ ಅವರ ಯಜಮಾನರಿಗೆ ಚುಕ್ಕಿಯ ಹುಚ್ಚು ಹಿಡಿದದ್ದನ್ನು ಹೇಳಿದರು. ಸಂಕ್ರಾಂತಿ ಕಳೆದ ಮೇಲೆ ದಿನಾ ಕೋಳಿ ಕೂಗುವ ಹೊತ್ತಿಗೆ ಕಣದ ಅಂಚಿಗೆ ಹೋಗಿ ನಿಲ್ಲುತ್ತಿದ್ದರಂತೆ. ಒಂದು ದಿನ, ಕಂಡಿತು ಬಾರೇ ಎಂದು ಇವರನ್ನೂ ಕರೆದರಂತೆ. ಇವರು ಹೆದರಿ ಹೋಗಲಿಲ್ಲ. ಎದೆ ಹಿಡಿದುಕೊಂಡು ಬಿದ್ದದ್ದೂ ಅಲ್ಲೇ, ಆ ಹೊತ್ತಿನಲ್ಲೇ, ಅದನ್ನು ನೋಡುತ್ತಲೇ.

ಒಂದು ಗಳಿಗೆ ನಾನೂ ನಂಬಿದೆ. ಆ ಎರಡು ಚುಕ್ಕಿಗಳಿಗೆ ಅವರ ಗುರುತು ಹಿಡಿಸಿದವಳು ನಾನೇ ಎಂದು ಅನ್ನಿಸಿತು. ಮರುಗಳಿಗೆಯೇ ಆ ಅನ್ನಿಸಿಕೆಯ ಮೇಲೆ ನನಗೆ ಬಂದ ಹೇಸಿಗೆ ಚಿಕ್ಕಪ್ಪನ ಮೇಲೂ ಬಂದಿರಲಿಲ್ಲ.

ಅವರು ನನ್ನ ಕೈ ಒತ್ತಿದರು. "ಅದ್ರ ಪಾಲು ಅದು ತಗಂಡಾಯ್ತು ಕಣವ್ವ. ಇನ್ನು ನಮ್ಮನೇಲಿ ಅದಕ್ಕೆ ಬೇಕಾದೋರು ಯಾರೂ ಇಲ್ಲ. ನೀನು ಧೈರ್ಯವಾಗಿ ಬಾ, ಏನೂ ಆಗಾಕಿಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರು ನನಗೆ ಅಭಯ ಕೊಡುತ್ತಿದ್ದರು. ಗಂಡನನ್ನು ಕೊಂದದ್ದು ಇವಳ ನಕ್ಷತ್ರವೆಂದು ನಂಬಿಯೂ ಇವಳನ್ನೇ ಸೊಸೆಯಾಗಿ ಕರೆಯಲು ಬಂದಿದ್ದರು, ಇನ್ನು ಕಳೆದುಕೊಳ್ಳುವುದು ಏನೂ ಉಳಿದಿಲ್ಲವೆಂಬ ಒಂದೇ ಕಾರಣಕ್ಕೆ. ಬೈಯಲು ನನ್ನ ಬಾಯಲ್ಲಿ ಬೇಕಾದಷ್ಟು ಇತ್ತು, ವರ್ಷಗಳಿಂದ ಕೂಡಿಟ್ಟದ್ದು. ಆ ಬರಿ ಕೈಯನ್ನು ನೋಡಿ ಒಂದೂ ಹೊರಗೆ ಬರಲಿಲ್ಲ.

"ಅವರಿದ್ದಿದ್ರೆ ಬರ್ತಿದ್ದೆ ಅಮ್ಮ" ಎಂದೆ.

ಅವರು ನನ್ನ ಕೈ ಬಿಟ್ಟರು. ಕಾಫಿ ಮುಟ್ಟಲಿಲ್ಲ. ಹೊರಗಿನಿಂದ ಚಿಕ್ಕಪ್ಪ ಅಮ್ಮನನ್ನು ಕೂಗಿ, ದೊಡ್ಡಪ್ಪನವರಿಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಲು ಹೇಳುತ್ತಿದ್ದರು.